ಎಡಗಡೆಯ ಎರಡು ಗಾಲಿ

ಶಿಕಾರಿಪುರದಿಂದ ಸೊರಬದ ಕಡೆಗೆ ಹೋಗುವ ರಸ್ತೆಯಲ್ಲಿ, ಅಕ್ಕಿ ಗಿರಣಿಯ ಎದುರಿಗೆ, ಶೌಕತ್ ಅಲಿಯ ಟೈರಿನ ಅಂಗಡಿ. ಅಂಗಡಿಯ ಬೆನ್ನಿಗೇ ಮನೆ. ಈ ಮನುಷ್ಯನಿಗೆ ಒಂದೇ ಒಂದು ಹಠ. ಕಂಪನಿಯವರು ಕಾರಿಗೆ ಯಾವ ಸೈಜಿನ ಗಾಲಿ ಹಾಕಿ ಕಳಿಸಿದ್ದಾರೋ ಅದನ್ನೇ ಹಾಕಬೇಕು. ಅದಕ್ಕಿಂತ ದಪ್ಪ, ಅದಕ್ಕಿಂತ ಗಿಡ್ಡ ಅಂತ ಯಾರಾದರೂ ಬಾಯಿ ತೆರೆದರೆ ಮುಗಿಯಿತು, ಟೈರು ಸಿಗದಿದ್ದರೂ ಬೈಗುಳವಂತೂ ಸಿಗುತ್ತಿತ್ತು.

ಒಮ್ಮೆ ಸೊರಬದ ಹೇಮಂತ್ ಅನ್ನುವವನು ಹೊಸ ಕಾರು ತಂದು ನಿಲ್ಲಿಸಿ, "ಅಂಕಲ್, ಸ್ವಲ್ಪ ಅಗಲದ್ದು ಹಾಕಿ, ಒಳ್ಳೇ ಲುಕ್ ಬರ್ತದೆ" ಅಂದ.

"ಲುಕ್ ಬೇಕಾದ್ರೆ ಮನೇಲಿ ಕನ್ನಡಿ ನೋಡ್ಕೋ" ಅಂದ ಶೌಕತ್ ಅಲಿ. "ಅಗಲದ್ದು ಹಾಕಿದ್ರೆ ತಿರುವಿನಲ್ಲಿ ಮಡ್‌ಗಾರ್ಡಿಗೆ ಉಜ್ಜತೈತೆ. ಎತ್ತರದ್ದು ಹಾಕಿದ್ರೆ ಮೀಟರ್ ಸುಳ್ಳು ಹೇಳತೈತೆ. ಆಮೇಲೆ ಬಂದು ನನ್ನ ಹತ್ರ ಅಳಬ್ಯಾಡ. ಹೋಗು, ಬೇರೆ ಅಂಗಡಿ ನೋಡ್ಕೋ."

ಹುಡುಗ ಹೋದ. ಎದುರಿನ ಗಿರಣಿಯ ಮಾಲೀಕ ಮಹೇಶ್ವರಪ್ಪ ಜಗಲಿಯ ಮೇಲೆ ಕೂತು ನಗುತ್ತಿದ್ದ. "ಸಾಬ್ರೇ, ಬಂದ ಗಿರಾಕೀನ ಹಿಂಗೆ ಓಡಿಸಿದ್ರೆ ಅಂಗಡಿ ಯಾಕ್ ಬೇಕ್ರೀ ನಿಮಗೆ? ಬೀಗ ಹಾಕ್ಕೊಂಡು ಆರಾಮಾಗಿ ಮಲಗ್ರಿ" ಅಂತ ರಸ್ತೆಯ ಆಚೆಯಿಂದಲೇ ಕೂಗಿದ.

ಈ ಹಠಕ್ಕೆ ಶೌಕತ್ ಅಲಿ ಕೊಡುತ್ತಿದ್ದ ರಿಯಾಯಿತಿ ಒಂದೇ, ಮಳೆಗಾಲದ ಟೈರು. ಜಡೆ, ಕ್ಯಾಸನೂರು ಕಡೆಯ ಕೆಸರು ದಾರಿಯಲ್ಲಿ ಓಡಾಡುವವರಿಗೆ ಮೊದಲ ಮಳೆ ಬೀಳುವ ಮುಂಚೆ ಆಳವಾದ ಹಲ್ಲಿನ, ಒಂಚೂರು ಎತ್ತರದ ಟೈರು ಹಾಕಿಕೊಡುತ್ತಿದ್ದ. ದೀಪಾವಳಿ ಕಳೆದ ಮೇಲೆ ಅದನ್ನು ಬಿಚ್ಚಿ ಮತ್ತೆ ಮಾಮೂಲಿನದು. ತನ್ನ ಹಳೆಯ ಮಾರುತಿಗೂ ಹಾಗೇ ಮಾಡುತ್ತಿದ್ದ, ಯಾಕೆಂದರೆ ಮಗಳು ಹುಮೇರಾಳನ್ನು ಕೊಟ್ಟದ್ದು ಜಡೆಗೆ. ಅವಳ ಮನೆಯ ಓಣಿ ಮಳೆಗಾಲದಲ್ಲಿ ಓಣಿಯೋ ಗದ್ದೆಯೋ ಗೊತ್ತಾಗುತ್ತಿರಲಿಲ್ಲ.

ಇಂಥ ಮನುಷ್ಯ ತನ್ನ ಹಠ ಬಿಟ್ಟ. ಬಿಟ್ಟದ್ದು ಹೆಂಡತಿಗಾಗಿ.

ಹೆಂಡತಿ ಕುಬ್ರಾ ಬೀ ಗಿಡ್ಡ ಹೆಂಗಸು, ಬಾಯಿ ಜೋರು. ಮನೆಯ ಮಾತು ಉರ್ದುವಾದರೂ ಜಗಳ ಆಡುವುದಕ್ಕೆ ಅವಳಿಗೆ ಕನ್ನಡವೇ ಆಗಬೇಕು. ಗಂಡ ಹೆಂಡತಿ ಇಬ್ಬರೂ ದಿನವಿಡೀ ಒಂದಲ್ಲ ಒಂದಕ್ಕೆ ಕಿತ್ತಾಡುತ್ತಿದ್ದದ್ದರಿಂದ ಆ ಮನೆಯಲ್ಲಿ ಕನ್ನಡವೇ ಹೆಚ್ಚು ಕೇಳುತ್ತಿತ್ತು. ಅವಳಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಬಾಯಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಕೋಲು ಹಿಡಿದು ಅಡುಗೆಮನೆಯಿಂದ ಅಂಗಡಿಯ ಹಿಂಬಾಗಿಲವರೆಗೆ ನಡೆಯುವುದನ್ನು ಅವಳೇ ಕಲಿತಳು. ಯಾರಾದರೂ ಕೈ ಕೊಡಲು ಬಂದರೆ ಕೋಲು ಎತ್ತುತ್ತಿದ್ದಳು.

ಆಗದೇ ಹೋದದ್ದು ಒಂದೇ. ಕಾರು ಹತ್ತುವುದು.

ಆ ಮಾರುತಿಯ ಸೀಟು ಎತ್ತರ. ಅವಳು ಸೀಟಿಗೆ ಬೆನ್ನು ಮಾಡಿ ನಿಂತು, ಎಡಗೈಯಲ್ಲಿ ಬಾಗಿಲು ಹಿಡಿದು, ಹಿಂದಕ್ಕೆ ಕೂರಬೇಕು. ಮಾಮೂಲಿ ಟೈರಿನಲ್ಲಿ ಹೇಗೋ ಏನೋ, ಮಳೆ ಟೈರು ಹಾಕಿದರೆ ಸೀಟಿನ ಅಂಚು ಸೊಂಟಕ್ಕಿಂತ ಮೇಲೆ ಹೋಗುತ್ತಿತ್ತು. ಸಂಬಂಧಿಕರ ಒಂದು ಮದುವೆಯಲ್ಲಿ, ಶಾದಿ ಮಹಲಿನ ಮುಂದೆ, ಯಾರೋ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟು "ಇದರ ಮೇಲೆ ನಿಂತು ಕೂತ್ಕೊಳ್ಳಿ" ಅಂದರು. ಸ್ಟೂಲು ಜಾರಿತು. ಕುಬ್ರಾ ಬೀ ಎಲ್ಲರ ಕಾಲಬುಡದಲ್ಲಿ ಬಿದ್ದಳು. ಇಬ್ಬರು ಗಂಡಸರು ಓಡಿಬಂದು ಕಂಕುಳಿಗೆ ಕೈ ಹಾಕಿ ಅವಳನ್ನು ಎತ್ತಿ ಕಾರಿನೊಳಗೆ ಕೂರಿಸಿದರು. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಂದಿತ್ತು, ಒಂದು ಚಪ್ಪಲಿ ಹೊರಗೇ ಉಳಿದಿತ್ತು, ಮದುವೆಗೆ ಬಂದವರೆಲ್ಲ ನಿಂತು ನೋಡಿದರು.

ಅವತ್ತು ಮನೆಗೆ ಬಂದವಳು ಗಂಡನಿಗೂ ಮೈದುನ ಅಸ್ಲಂನಿಗೂ ಒಟ್ಟಿಗೆ ಹೇಳಿದಳು. "ಇನ್ನು ನನ್ನ ಯಾರೂ ಎತ್ತಬಾರದು. ನಾನೇನು ಅಕ್ಕಿ ಮೂಟೆ ಅಲ್ಲ. ಸತ್ತ ಮೇಲೆ ಎತ್ರಿ, ಆಗ ಬೇಕಾದ್ರೆ ನಾಲ್ಕು ಜನ ಎತ್ಲಿ, ನಾನು ಬೇಡ ಅನ್ನಲ್ಲ. ಜೀವ ಇರೋ ತನಕ ಬೇಡ."

"ಎಂಥ ಮಾತು ಆಡ್ತೀಯೇ!" ಅಂತ ಶೌಕತ್ ಅಲಿ ರೇಗಿದ. ಅಸ್ಲಂ ಮಾತ್ರ ತಲೆ ಬಗ್ಗಿಸಿಕೊಂಡು "ಆಯ್ತು ಭಾಬಿ" ಅಂದ.

ಅಂದಿನಿಂದ ಅವಳು ಕಾರು ಹತ್ತಲಿಲ್ಲ. ಹುಮೇರಾ ಹೆರಿಗೆಗೆ ತವರಿಗೆ ಬರಬೇಕಿತ್ತು. ಡಾಕ್ಟರು ಅಲ್ಲಾಡಬೇಡ ಅಂದರೆಂದು ಜಡೆಯಲ್ಲೇ ಉಳಿದಳು. ಆಷಾಢದ ಮಳೆ ಧೋ ಅಂತ ಸುರಿಯುತ್ತಿರುವಾಗ ಹೆಣ್ಣು ಮಗು ಹುಟ್ಟಿತು, ಜಾಸ್ಮಿನ್ ಅಂತ ಹೆಸರಿಟ್ಟರು. ಹುಮೇರಾ ಫೋನಿನಲ್ಲಿ ಮಗುವಿನ ಮುಖ ತೋರಿಸಿದಳು. ಕುಬ್ರಾ ಬೀ ಫೋನನ್ನು ಎಡಗೈಯಲ್ಲಿ ಹಿಡಿದು ನೋಡಿಯೇ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, "ನನಗೆ ಹೋಗಬೇಕು ರೀ. ಆದ್ರೆ ನಾನೇ ಹತ್ತಬೇಕು, ನಾನೇ ಇಳೀಬೇಕು. ಬೀಗರ ಮನೆ ಮುಂದೆ ನನ್ನ ಹೊತ್ಕೊಂಡು ಹೋಗೋ ಹಂಗಿದ್ರೆ ಬೇಡ" ಅಂದಳು.

ಶೌಕತ್ ಅಲಿ ಅಂಗಡಿಗೆ ಬಂದು ತನ್ನ ಕಾರನ್ನು ಮೊದಲ ಸಲ ನೋಡುವವನ ಹಾಗೆ ನೋಡುತ್ತ ನಿಂತ. ಮಳೆ ಟೈರು ಬಿಚ್ಚಿದರೆ ಕಾರು ತಗ್ಗುತ್ತದೆ, ಸರಿ. ಆದರೆ ಜಡೆಯ ಓಣಿಯಲ್ಲಿ ಹೂತುಹೋಗುತ್ತದೆ. ಮಳೆ ಟೈರು ಬಿಟ್ಟರೆ ಓಣಿ ದಾಟುತ್ತದೆ, ಹೆಂಡತಿ ಹತ್ತಲಾರಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಊಟದ ತಟ್ಟೆಯ ಮುಂದೆ ಕೂತವನು ಎದ್ದೇಬಿಟ್ಟ. ಓಡುವಾಗ ಎತ್ತರ ಇರಬೇಕು, ಹೌದು. ಆದರೆ ನಿಂತಾಗ ಯಾಕೆ ಎತ್ತರ ಇರಬೇಕು? ಅವಳು ಕೂರುವ ಎಡಗಡೆಯ ಎರಡು ಗಾಲಿ ಮಾತ್ರ ಬಿಚ್ಚಿ, ಅಲ್ಲಿಗೆ ಸಣ್ಣ ಗಾಲಿ ಹಾಕಿದರೆ ಕಾರು ಆ ಕಡೆಗೆ ವಾಲುತ್ತದೆ. ಅವಳು ಕೂರುತ್ತಾಳೆ. ಕೂತ ಮೇಲೆ ಅವಳನ್ನು ಒಳಗೇ ಇಟ್ಟುಕೊಂಡು ಜಾಕಿ ಎತ್ತಿ ಮಳೆ ಗಾಲಿ ಹಾಕುವುದು. ಜಡೆ ಮುಟ್ಟಿದ ಮೇಲೆ ಮತ್ತೆ ಜಾಕಿ, ಮತ್ತೆ ಸಣ್ಣ ಗಾಲಿ. ಅವಳೇ ಇಳಿಯುತ್ತಾಳೆ.

ಇದನ್ನು ಕೇಳಿದ ಅಸ್ಲಂ, "ಭಾಯ್, ನಿಮಗೆ ತಲೆ ನೆಟ್ಟಗೈತಾ?" ಅಂತ ಕೇಳಿದ.

"ನನ್ನ ತಲೆ ಆಮೇಲೆ ನೋಡೋಣ. ಸಣ್ಣ ಗಾಲಿ ಎಲ್ಲಿ ಸಿಗ್ತಾವೆ ನೋಡು."

ಬಳೆಗಾರನ ಮುಂದೆ ಬಳೆ ಅಳತೆ ನೋಡಿದ ಹಾಗೆ ಒಂದೊಂದೇ ಗಾಲಿ ಹಾಕಿ ನೋಡಿದರು. ಗುಜರಿಯಿಂದ ತಂದ ಮೊದಲನೆಯದು ಒಳಗಡೆ ಬ್ರೇಕಿಗೆ ತಾಗಿತು. ಇನ್ನೊಂದರ ತೂತುಗಳು ಬೋಲ್ಟಿಗೆ ಕೂರಲಿಲ್ಲ. ರಸ್ತೆಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದ ಮಹೇಶ್ವರಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ಬಂದ. ವಿಷಯ ತಿಳಿದ ಮೇಲೆ ನಗಲಿಲ್ಲ.

"ನಮ್ಮ ಅಪ್ಪಾಜಿ ಕಾಲದ ಕಾರು ಗಿರಣಿ ಹಿಂದೆ ಬಿದ್ದೈತಲ್ರೀ, ಅದರ ಗಾಲಿ ನೋಡ್ರಿ. ಕೋಳಿ ಮೊಟ್ಟೆ ಇಡ್ತಾವೆ ಅದರೊಳಗೆ. ಗಾಲಿ ಹೋದ್ರೆ ಕೋಳೀಗೇನೂ ತೊಂದ್ರೆ ಇಲ್ಲ" ಅಂದ.

ಆ ಗಾಲಿ ಕೂತವು. ನಾಲ್ಕು ತೂತು, ನಾಲ್ಕು ಬೋಲ್ಟು, ಅಳತೆ ಮಾಡಿ ಮಾಡಿಸಿದ ಹಾಗೆ. ಜಾಕಿ ಇಳಿಸುತ್ತ ಹೋದಂತೆ ಕಾರು ಎಡಕ್ಕೆ ಬಾಗಿತು.

"ಅಲೆಲೆಲೆ! ಬಸವಣ್ಣ ಕುಂತಂಗೆ ಕುಂತೈತಲ್ರೀ ಕಾರು!" ಅಂದ ಮಹೇಶ್ವರಪ್ಪ.

ಕುಬ್ರಾ ಬೀ ಹಿಂಬಾಗಿಲಿನಿಂದ ಕೋಲು ಊರಿಕೊಂಡು ಬಂದಳು. ಗಂಡಸರೆಲ್ಲ ಆಚೆ ಹೋಗಬೇಕು ಅಂದಳು, ಹೋದರು. ಶೌಕತ್ ಅಲಿ ಮಾತ್ರ ಬಾನೆಟ್ಟಿನ ಹತ್ತಿರ ನಿಂತು ಬೇರೆಲ್ಲೋ ನೋಡುವವನ ಹಾಗೆ ನೋಡುತ್ತಿದ್ದ. ಅವಳು ಬೆನ್ನು ಮಾಡಿ ನಿಂತಳು, ಬಾಗಿಲು ಹಿಡಿದಳು, "ಬಿಸ್ಮಿಲ್ಲಾ" ಅಂದಳು, ಕೂತಳು. ಎಡಗೈಯಿಂದ ಬಲಗಾಲನ್ನು ಎತ್ತಿ ಒಳಗಿಟ್ಟುಕೊಂಡಳು. ಸೀಟಿನ ಮೇಲೆ ಸರಿಯಾಗಿ ಕೂತು ಸೆರಗು ಸರಿಮಾಡಿಕೊಂಡು, "ಏನ್ ನೋಡ್ತೀರಿ? ಕಾರು ಹತ್ತೋದು ನೀವು ನೋಡೇ ಇಲ್ವಾ?" ಅಂತ ಗದರಿದಳು. ಅವಳ ಕಣ್ಣು ತುಂಬಿದ್ದನ್ನು ಅವನು ನೋಡಿದ. ಅವನ ಕಣ್ಣೂ ತುಂಬಿದ್ದನ್ನು ಅವಳು ನೋಡಿದಳು.

ಜಾಕಿ ಎತ್ತುವಾಗ ಮಾತ್ರ ಒಳಗಿನಿಂದ ಕೂಗಿದಳು. "ಯಾ ಅಲ್ಲಾ, ಎಲ್ಲಿಗೆ ಎತ್ತುತ್ತೀರಿ ರೀ ನನ್ನ? ಆಕಾಶಕ್ಕಾ?"

"ನಿನ್ನ ಎತ್ತಲಿಲ್ಲ ಮಾರಾಯ್ತಿ, ಕಾರು ಎತ್ತಿದ್ದು" ಅಂದ ಶೌಕತ್ ಅಲಿ.

ಪರೀಕ್ಷೆಗೆ ಅಂತ ಮೊದಲು ಅಂಬ್ಲಿಗೊಳದ ಕೆರೆಯವರೆಗೆ ಹೋಗಿ ಬಂದರು. ನೀರು ಕೋಡಿ ಮುಟ್ಟಿತ್ತು. ಅವಳು ಕಿಟಕಿ ಇಳಿಸಿ ನೋಡಿದಳು, ಬಿಸಿ ಮೆಣಸಿನಕಾಯಿ ಬಜ್ಜಿ ತರಿಸಿ ತಿಂದಳು, ಖಾರ ಸಾಲದು ಅಂದಳು. ಮನೆಗೆ ಬಂದು ಗಾಲಿ ಬದಲಾಯಿಸಿದಾಗ ತಾನೇ ಇಳಿದಳು. ಅಂಗಳದಲ್ಲಿ ನಿಂತು, "ಯಾವ ಮಹಾರಾಣಿಗೂ ಯಾರೂ ಹಿಂಗೆ ಮಾಡಿರಲಿಕ್ಕಿಲ್ಲ" ಅಂದಳು. ಮದುವೆಯಾದ ದಿನದಿಂದ ಅವಳು ಅವನನ್ನು ಹೊಗಳಿದ್ದೇ ಕಡಿಮೆ. ಅವನು ಅವತ್ತು ಸಂಜೆಯೆಲ್ಲ ಗಿರಾಕಿಗಳಿಗೆ ಬೈಯಲಿಲ್ಲ.

ಜಡೆಗೆ ಹೊರಟ ದಿನ ಬೆಳಿಗ್ಗೆಯಿಂದಲೇ ಮಳೆ. ಕುಬ್ರಾ ಬೀ ಹಸಿರು ಸೀರೆ ಉಟ್ಟಿದ್ದಳು, ಮಗುವಿಗೆ ಬೆಳ್ಳಿಯ ಕಾಲ್ಗಡಗ, ಹುಮೇರಾಳಿಗೆ ಅಂಟಿನುಂಡೆಯ ಡಬ್ಬಿ ಮಡಿಲಲ್ಲಿದ್ದವು. ತಾನೇ ಕೂತಳು. ಸಣ್ಣ ಗಾಲಿ ಎರಡನ್ನೂ ಹಿಂದಿನ ಸೀಟಿನಲ್ಲಿ ಗೋಣಿ ಹಾಸಿ ಇಟ್ಟರು. ಶಿರಾಳಕೊಪ್ಪ ದಾಟಿ ಸೊರಬ ಮುಟ್ಟುವ ತನಕ ಅವಳ ಬಾಯಿ ನಿಲ್ಲಲಿಲ್ಲ. ಹುಮೇರಾ ಹುಟ್ಟಿದಾಗ ಹೀಗೇ ಮಳೆ ಇತ್ತು ಅಂದಳು. ಮೊಮ್ಮಗಳು ಯಾರ ಹಾಗಿದ್ದರೂ ಸರಿ, ಅಜ್ಜನ ಮೂಗು ಮಾತ್ರ ಬೇಡ ಅಂದಳು. "ಬಾಗಿಲ ಮುಂದೆ ನಿಲ್ಲಿಸಿ. ನಾನು ಇಳಿದು, ಕೋಲು ಊರಿ, ಸಲಾಂ ಹೇಳಿ ಒಳಗೆ ಹೋಗ್ತೀನಿ. ನೀವು ಹಿಂದೆ ಬನ್ನಿ, ಪಕ್ಕಕ್ಕೆ ಬರಬೇಡಿ" ಅಂತ ತಾಕೀತು ಮಾಡಿದಳು.

ಜಡೆಯ ಓಣಿಯ ಕೆಸರನ್ನು ಮಳೆ ಟೈರು ನುಂಗಿಕೊಂಡು ದಾಟಿತು. ಮನೆಯ ಮುಂದೆ ಜನವೋ ಜನ. ಬೀಗರ ಕಡೆಯ ಹೆಂಗಸರು ಚಪ್ಪರದ ಅಡಿ ನಿಂತಿದ್ದರು, ಅಕ್ಕಪಕ್ಕದವರು ಕಿಟಕಿಯಲ್ಲಿದ್ದರು. ಹುಮೇರಾ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಶೌಕತ್ ಅಲಿ ಕೊಡೆಯನ್ನೂ ಬಿಡಿಸದೆ ಇಳಿದು, ಕೆಸರಿನ ಮೇಲೆ ಹಲಗೆ ಹಾಕಿ, ಜಾಕಿ ಇಟ್ಟು, ಮಂಡಿಯೂರಿ ಕೂತ. ಮುಂದಿನ ಗಾಲಿಯ ನಟ್ಟು ಬಿಚ್ಚತೊಡಗಿದ. ಒಂದು ನಟ್ಟು ಬಿಗಿದುಕೊಂಡಿತ್ತು, ಮಳೆಗೆ ಸ್ಪ್ಯಾನರು ಜಾರುತ್ತಿತ್ತು.

ಅಳಿಯ ತನ್ವೀರ್ ಮರಗೆಲಸದವನು. ಗಟ್ಟಿ ಆಳು, ಮನಸ್ಸೂ ಒಳ್ಳೆಯದೇ. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅವನು ಮಾಡಿದ್ದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಮುದುಕರಾದ ಮಾವ ಮಳೆಯಲ್ಲಿ ನೆನೆಯುತ್ತ ಕೆಸರಿನಲ್ಲಿ ಕೂತಿದ್ದಾರೆ, ಅತ್ತೆ ಕಾರಿನೊಳಗೆ ಕಾಯುತ್ತಿದ್ದಾರೆ, ಬಾಗಿಲಲ್ಲಿ ಮಗು ಅಳುತ್ತಿದೆ. ಅವನಿಗೆ ಇದು ನೋಡಲಾಗಲಿಲ್ಲ. "ಅಬ್ಬಾ, ಬಿಡಿ ಅದೆಲ್ಲ ಯಾಕೆ, ನಾನಿಲ್ವಾ?" ಅಂತ ಮಾವನಿಗೆ ಹೇಳಿದವನೇ ಬಾಗಿಲು ತೆಗೆದು, ಅತ್ತೆಯ ಬೆನ್ನಿಗೊಂದು ಕೈ, ಮೊಣಕಾಲಡಿಗೊಂದು ಕೈ ಹಾಕಿ ಎತ್ತಿಬಿಟ್ಟ.

"ಬೇಡ! ತನ್ವೀರ್, ಬೇಡಪ್ಪಾ!" ಅಂತ ಶೌಕತ್ ಅಲಿ ಕೂಗಿಕೊಂಡು ಎದ್ದ. ಕೆಸರಿನಲ್ಲಿ ಕಾಲು ಜಾರಿ ಮತ್ತೆ ಕೂತ. ಅಷ್ಟರಲ್ಲಿ ಆಗಿಹೋಗಿತ್ತು.

ಅಂಟಿನುಂಡೆಯ ಡಬ್ಬಿ ಮಡಿಲಿನಿಂದ ಕೆಸರಿಗೆ ಬಿತ್ತು. ಕೋಲು ಕಾರಿನಲ್ಲೇ ಉಳಿಯಿತು. ಚಪ್ಪರದಡಿಯ ಹೆಂಗಸರು "ಪಾಪ, ಪಾಪ" ಅಂದರು. ಒಬ್ಬಳು "ಅಳಿಯ ಅಂದ್ರೆ ಹಿಂಗಿರಬೇಕು" ಅಂದಳು. ಕುಬ್ರಾ ಬೀ ಅಳಿಯನ ತೋಳಿನ ಮೇಲಿನಿಂದ ಗಂಡನನ್ನು ನೋಡಿದಳು. ಬಯ್ಯಲಿಲ್ಲ, ಕೂಗಲಿಲ್ಲ. ಕಾರು ಅರ್ಧ ಎತ್ತಿದ ಜಾಕಿಯ ಮೇಲೆ ಹಾಗೇ ನಿಂತಿತ್ತು.

ಮಗುವನ್ನು ಅವಳ ಮಡಿಲಿಗೆ ಹಾಕಿದರು. ಎಡಗೈಯಿಂದ ಹಿಡಿದುಕೊಂಡಳು, ಮುತ್ತಿಟ್ಟಳು, ಕಾಲ್ಗಡಗ ತೊಡಿಸಿದಳು, ಎಲ್ಲರ ಮಾತಿಗೂ ತಲೆಯಾಡಿಸಿದಳು. ಸಂಜೆ ಹೊರಡುವಾಗ ಶೌಕತ್ ಅಲಿ ಅವಳ ಕಿವಿಯ ಹತ್ತಿರ ಬಗ್ಗಿ, "ಒಂದು ನಿಮಿಷ ಇರು, ಸಣ್ಣ ಗಾಲಿ ಹಾಕ್ತೀನಿ. ಎಲ್ಲಾರನ್ನೂ ಒಳಗೆ ಕಳಿಸ್ತೀನಿ" ಅಂದ.

"ಬೇಡ" ಅಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ತನ್ವೀರ್, ಬಾಪ್ಪ. ಎತ್ತಿ ಕೂರಿಸು" ಅಂದಳು.

ಮನೆ ಮುಟ್ಟಿದ ಮೇಲೆ ಅವನು ಜಾಕಿಗೆ ಕೈ ಹಾಕಿದ. ಅವಳು "ನೀವೇ ಎತ್ತಿ ರೀ, ಸಾಕಾಯ್ತು" ಅಂದಳು. ಅವನು ಎತ್ತಿದ. ಎಷ್ಟೋ ಸಲ ಎತ್ತಬಹುದಾಗಿತ್ತು, ಅವಳು ಬೇಡ ಅಂದದ್ದಕ್ಕೆ ಎತ್ತಿರಲಿಲ್ಲ. ಇಷ್ಟು ಹಗುರ ಯಾವಾಗ ಆದಳು ಅನ್ನಿಸಿತು ಅವನಿಗೆ.

ಅಮ್ಮನ ಷರತ್ತಿನ ವಿಷಯ ಆಮೇಲೆ ತಿಳಿದ ಹುಮೇರಾ ಗಂಡನಿಗೆ ಬೈದಳು ಅಂತ ಕಾಣುತ್ತದೆ. ತನ್ವೀರ್ ಮುಂದಿನ ವಾರ ಬಸ್ಸು ಹಿಡಿದು ಬಂದು ಅತ್ತೆಯ ಮುಂದೆ ಕೂತು ಅತ್ತ. "ಅಮ್ಮಿ, ನಂಗೆ ಗೊತ್ತಾಗ್ಲಿಲ್ಲ. ಅಲ್ಲಾನ ಆಣೆ, ಗೊತ್ತಾಗ್ಲಿಲ್ಲ" ಅಂದ.

"ಮಗ ತಾಯೀನ ಎತ್ತಿದ್ರೆ ತಪ್ಪೇನೋ ಹುಚ್ಚಾ? ಎದ್ದೇಳು, ಚಹಾ ಕುಡಿ" ಅಂದಳು ಕುಬ್ರಾ ಬೀ.

ಅವನು ಹೋದ ಮೇಲೆ ಗಂಡನಿಗೆ ಹೇಳಿದಳು. "ಅವನ ತೋಳಲ್ಲಿ ಬಲ ಐತೆ, ಎತ್ತಿದ. ನಿಮ್ಮ ತೋಳಲ್ಲೂ ಬಲ ಇತ್ತು, ನೀವು ಎತ್ತಲಿಲ್ಲ. ಕೆಸರಲ್ಲಿ ಕೂತ್ರಿ. ಅದು ನನಗೆ ಗೊತ್ತೈತೆ ರೀ. ನಿಮಗೂ ಗೊತ್ತಿರಲಿ ಅಂತ ಹೇಳಿದೆ."

ಶೌಕತ್ ಅಲಿ ಎದ್ದು ಅಂಗಡಿಗೆ ಹೋದ. ಅಲ್ಲಿ ಟೈರುಗಳ ನಡುವೆ ಕೂತು, ಯಾರಿಗೂ ಕಾಣದ ಹಾಗೆ, ಗಂಡಸು ಅನ್ನುವುದನ್ನೂ ಮರೆತು ಬಿಕ್ಕಿದ.

ಸಣ್ಣ ಗಾಲಿ ಎರಡನ್ನೂ ಅವನು ಮಹೇಶ್ವರಪ್ಪನಿಗೆ ವಾಪಸು ಕೊಡಲಿಲ್ಲ. ಒರೆಸಿ ಗೋಡೆಗೆ ಒರಗಿಸಿ ಇಟ್ಟ. ಆಗಾಗ "ಹೋಗೋಣ್ವಾ ಅಂಬ್ಲಿಗೊಳಕ್ಕೆ?" ಅಂತ ಕೇಳುತ್ತಿದ್ದ. ಅವಳು "ಸಾಕು ಬಿಡ್ರಿ" ಅನ್ನುತ್ತಿದ್ದಳು. ಮಳೆ ನಿಂತಿತು. ದೀಪಾವಳಿ ಕಳೆದು ಮಳೆ ಟೈರು ಬಿಚ್ಚಿದ. ಬೇಸಿಗೆ ಶುರುವಾದ ಮೇಲೆ ಒಂದು ದಿನ ಹುಮೇರಾ ಫೋನು ಮಾಡಿ, ಜಾಸ್ಮಿನ್ ಗೋಡೆ ಹಿಡಿದು ನಿಲ್ಲುತ್ತಿದ್ದಾಳೆ ಅಂತ ತೋರಿಸಿದಳು. ಮಗು ನಿಲ್ಲುತ್ತಿತ್ತು, ಬೀಳುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಯಾರೋ ಎತ್ತಲು ಬಂದರೆ ಕೈ ಕೊಸರಿಕೊಳ್ಳುತ್ತಿತ್ತು.

ಕುಬ್ರಾ ಬೀ ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕಳು. "ನೋಡ್ರಿ ಇದರ ಸೊಕ್ಕು! ಎತ್ತಿಸ್ಕೊಳ್ಳಲ್ವಂತೆ!" ಅಂದಳು. ಆಮೇಲೆ, "ಇವಳು ನಡೆಯೋ ಹೊತ್ತಿಗೆ ಹೋಗೋಣ ರೀ. ಈ ಸಲ ಓಣಿ ತುದೀಲೇ ಗಾಲಿ ಬದಲಾಯಿಸಿ, ಯಾರೂ ನೋಡೋ ಮುಂಚೆ. ನಾನು ಇಳಿದೇ ಇಳೀತೀನಿ" ಅಂದಳು.

"ಇಳೀದೆ ಏನು? ಇಳೀಲೇಬೇಕು" ಅಂದ ಶೌಕತ್ ಅಲಿ. ಅವತ್ತೇ ಸಣ್ಣ ಗಾಲಿಗಳಿಗೆ ಗಾಳಿ ಹಿಡಿದು ನೋಡಿದ.

ಮಗು ನಡೆಯುವ ಮುಂಚೆಯೇ ಎರಡನೆಯ ಸಲ ಲಕ್ವ ಹೊಡೆಯಿತು. ಶಿವಮೊಗ್ಗದ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಒಯ್ದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಎತ್ತಿದವರು ಯಾರು, ಮಲಗಿಸಿದವರು ಯಾರು, ಅವಳಿಗೆ ಗೊತ್ತಾಗಲಿಲ್ಲ. ಕೆಲವು ದಿನ ಕಣ್ಣು ಬಿಟ್ಟಳು. ಆ ಬಾಯಿಯೂ ಈಗ ಹೋಗಿತ್ತು. ಶೌಕತ್ ಅಲಿ ಅವಳ ಎಡಗೈ ಹಿಡಿದು, "ಗಾಲಿ ರೆಡಿ ಐತೆ, ನೀನು ಎದ್ದೇಳು ಸಾಕು" ಅಂದರೆ ಅವಳು ಬೆರಳು ಒತ್ತುತ್ತಿದ್ದಳು. ಡಾಕ್ಟರು ಸ್ವಲ್ಪ ಸುಧಾರಿಸುತ್ತಿದ್ದಾರೆ ಅಂದರು. ಬಟ್ಟೆ ತರಲು ಒಂದು ಬೆಳಿಗ್ಗೆ ಅವನು ಬಸ್ಸಿನಲ್ಲಿ ಊರಿಗೆ ಬಂದ. ಮನೆಯ ಬಾಗಿಲು ತೆಗೆಯುವಾಗಲೇ ಆಸ್ಪತ್ರೆಯಲ್ಲಿ ಉಳಿದಿದ್ದ ಅಸ್ಲಂನ ಫೋನು ಬಂತು. ಅಸ್ಲಂ ಬರೀ ಅತ್ತ.

ಮಧ್ಯಾಹ್ನಕ್ಕೆ ಮುಂಚೆ ದೊಡ್ಡ ವ್ಯಾನಿನ ಆಂಬುಲೆನ್ಸು ಅವಳನ್ನೂ ಅಸ್ಲಂನನ್ನೂ ಹೊತ್ತು ಅಂಗಳಕ್ಕೆ ಬಂದು ನಿಂತಿತು. ಡ್ರೈವರ್ ಮಹಾಂತೇಶ್ ಇಳಿದು ಹಿಂದಿನ ಬಾಗಿಲು ತೆಗೆದ. ಕೇರಿಯವರೆಲ್ಲ ಸೇರಿದ್ದರು. ಜಡೆಯಿಂದ ಹುಮೇರಾ ಬಂದು ಒಳಗೆ ಬಿದ್ದು ಹೊರಳುತ್ತಿದ್ದಳು. ಮಹೇಶ್ವರಪ್ಪ ಗಿರಣಿ ನಿಲ್ಲಿಸಿ ಬಂದು, ಹೆಗಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ನಾಲ್ಕು ಜನ ಗಂಡಸರು ಮುಂದೆ ಬಂದರು.

"ಇರಿ" ಅಂದ ಶೌಕತ್ ಅಲಿ.

ಅಂಗಡಿಯೊಳಗೆ ಹೋದ. ಒಂದು ಕೈಯಲ್ಲಿ ಜಾಕಿ, ಇನ್ನೊಂದು ಕೈಯಲ್ಲಿ ಸಣ್ಣ ಗಾಲಿಯನ್ನು ಉರುಳಿಸಿಕೊಂಡು ಬಂದ. ವ್ಯಾನಿನ ಎಡಗಡೆಯ ಹಿಂದಿನ ಗಾಲಿಯ ಹತ್ತಿರ ಮಂಡಿಯೂರಿದ. ಜಾಕಿ ಎತ್ತಿದ, ನಟ್ಟುಗಳನ್ನು ಬಿಚ್ಚಿದ, ವ್ಯಾನಿನ ಗಾಲಿ ಕಳಚಿ ಪಕ್ಕಕ್ಕೆ ಮಲಗಿಸಿದ. ಸಣ್ಣ ಗಾಲಿ ಎತ್ತಿ ಬೋಲ್ಟುಗಳಿಗೆ ಹಿಡಿದ. ಕೂರಲಿಲ್ಲ. ಸ್ವಲ್ಪ ತಿರುಗಿಸಿ ಹಿಡಿದ. ಕೂರಲಿಲ್ಲ. ಮತ್ತೆ ತಿರುಗಿಸಿದ. ರಸ್ತೆಯಲ್ಲಿ ಓಡುವ ಗಾಡಿಯನ್ನು ನೋಡಿಯೇ ಟೈರಿನ ಸೈಜು ಹೇಳುತ್ತಿದ್ದ ಮನುಷ್ಯ, ನಾಲ್ಕು ತೂತಿನ ಗಾಲಿಯನ್ನು ಐದು ಬೋಲ್ಟಿನ ಮೇಲೆ ಇಟ್ಟು ತಿರುಗಿಸುತ್ತಲೇ ಇದ್ದ.

ಅಸ್ಲಂ ಬಂದು ಪಕ್ಕದಲ್ಲಿ ಕೂತ. "ಭಾಯ್, ಐದು ಬೋಲ್ಟು" ಅಂದ.

"ಗೊತ್ತು, ಗೊತ್ತು" ಅಂದ ಶೌಕತ್ ಅಲಿ. ಮತ್ತೆ ತಿರುಗಿಸಿದ.

"ಭಾಯ್, ಬಿಡಿ. ಭಾಬೀನೇ ಹೇಳಿದ್ರಲ್ಲ, ಸತ್ತ ಮೇಲೆ ನಾಲ್ಕು ಜನ ಎತ್ಲಿ ಅಂತ. ನಾನೂ ಕೇಳಿದೀನಿ, ನೀವೂ ಕೇಳಿದೀರಿ."

ಶೌಕತ್ ಅಲಿಯ ಕೈಯಿಂದ ಗಾಲಿ ಕೆಳಗೆ ಬಿತ್ತು. "ಅವಳು ಹೇಳಿದ್ಲು ಕಣೋ" ಅಂದ. "ಅವಳು ಹೇಳಿದ್ಲು. ನಾನು ಒಪ್ಪಿರ್ಲಿಲ್ಲ." ಅಷ್ಟು ಹೇಳಿ ಆ ಬರಿದಾದ ಬೋಲ್ಟುಗಳಿಗೆ ಹಣೆ ಹಚ್ಚಿ, ಅಷ್ಟು ಜನರ ಮುಂದೆ, ಗೋಳೋ ಅಂತ ಅತ್ತುಬಿಟ್ಟ.

ಡ್ರೈವರ್ ಮಹಾಂತೇಶ್‌ಗೆ ಈ ಮನೆಯ ಕಥೆ ಏನೂ ಗೊತ್ತಿರಲಿಲ್ಲ. ಮಹೇಶ್ವರಪ್ಪ ಅವನ ಕಿವಿಯಲ್ಲಿ ಏನೋ ಹೇಳಿದ. ಅವನು ಬಂದು ತನ್ನ ವ್ಯಾನಿನ ಗಾಲಿಯನ್ನು ತಾನೇ ಎತ್ತಿ ಹಾಕಿ ನಟ್ಟು ಬಿಗಿದ, ಜಾಕಿ ಇಳಿಸಿದ. ಆಮೇಲೆ ಟೈರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ವಾಲ್ವಿನ ಪಿನ್ನು ಒತ್ತಿ ಹಿಡಿದ. ಗಾಳಿ ಸುಯ್ಯೆಂದು ಹೊರಗೆ ಬಂತು. ಹಿಂದಿನದಾದ ಮೇಲೆ ಮುಂದಿನ ಟೈರಿನದನ್ನೂ ಬಿಟ್ಟ. ವ್ಯಾನು ಮೆಲ್ಲಗೆ ಎಡಕ್ಕೆ ಬಾಗಿ ನಿಂತಿತು.

"ಅಪ್ಪಾಜಿ, ಇನ್ನು ಇಳಿಸ್ರಿ. ತಗ್ಗೈತೆ" ಅಂದ ಮಹಾಂತೇಶ್.

ಗಂಡಸರು ಮುಂದೆ ಬಂದರು. ತನ್ವೀರ್ ಮಾತ್ರ ದೂರದಲ್ಲಿ ಕಾಂಪೌಂಡಿಗೆ ಒರಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಕ್ಕಳ ಹಾಗೆ ಅಳುತ್ತ ನಿಂತಿದ್ದ. ಶೌಕತ್ ಅಲಿ ಅವನನ್ನು ನೋಡಿದ. ಎದ್ದು ಹೋಗಿ ಅವನ ಕೈ ಬಿಡಿಸಿ ಹಿಡಿದುಕೊಂಡು ವ್ಯಾನಿನ ಹತ್ತಿರ ಕರೆದುಕೊಂಡು ಬಂದ.

"ನಾನು ಬೇಡ ಅಬ್ಬಾ" ಅಂದ ತನ್ವೀರ್.

"ಎತ್ತಪ್ಪಾ. ತಲೆ ಕಡೆ ನೀನು ಹಿಡಿ, ನಿನ್ನ ತೋಳು ಗಟ್ಟಿ. ಸೆರಗು ಜಾರದಂಗೆ ನೋಡ್ಕೋ" ಅಂದ ಶೌಕತ್ ಅಲಿ.

ಅವರು ಎತ್ತಿದರು. ಶೌಕತ್ ಅಲಿ ಪಕ್ಕಕ್ಕೆ ಹೋಗಲಿಲ್ಲ. ಅವಳು ಹೇಳಿದ್ದ ಹಾಗೆ, ಹಿಂದೆ ಹಿಂದೆಯೇ ಒಳಗೆ ನಡೆದ.

ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಣ್ಣು ಮಾಡಿದರು. ಖಬರಸ್ತಾನದಿಂದ ತಿರುಗಿ ಬಂದಾಗ ಮಹಾಂತೇಶ್ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ. ಗಾಳಿ ಇಲ್ಲದ ಟೈರಿನಲ್ಲಿ ಹೋಗುವುದಾದರೂ ಹೇಗೆ? ಅಸ್ಲಂ ಕಂಪ್ರೆಸರ್ ಹಾಕಿ ಪೈಪು ಎಳೆದ. ಶೌಕತ್ ಅಲಿ ಅದನ್ನು ಅವನ ಕೈಯಿಂದ ತೆಗೆದುಕೊಂಡ.

"ನೀವು ಒಳಗೆ ಹೋಗಿ ಭಾಯ್, ಹುಮೇರಾ ಕರೀತಾ ಇದಾಳೆ" ಅಂದ ಅಸ್ಲಂ.

"ಹೋಗ್ತೀನಿ. ನನ್ನ ಮನೆ ಬಾಗಿಲಿಗೆ ಬಂದು 'ತಗ್ಗೈತೆ' ಅಂದ ಗಾಡಿ ಇದು. ನಾನೇ ಹಿಡೀತೀನಿ."

ಹಿಂದಿನ ಟೈರಿಗೆ ಪೈಪು ಸಿಕ್ಕಿಸಿ, ಅಭ್ಯಾಸದಿಂದ, "ಎಷ್ಟು ಹಿಡೀಲಿ?" ಅಂತ ಕೇಳಿದ. ಆಮೇಲೆ ತಾನೇ ವ್ಯಾನಿನ ಬಾಗಿಲ ಅಂಚಿನಲ್ಲಿ ಕಂಪನಿಯವರು ಬರೆದದ್ದನ್ನು ಓದಿ, ಗಾಳಿ ಹಿಡಿದ, ಮುಂದಿನದಕ್ಕೂ ಹಿಡಿದ. ವ್ಯಾನು ಸ್ವಲ್ಪ ಸ್ವಲ್ಪವೇ ಎದ್ದು ನೆಟ್ಟಗೆ ನಿಂತಿತು. ಒಳಗಿನಿಂದ ಜಾಸ್ಮಿನ್ ಬಾಗಿಲ ಚೌಕಟ್ಟು ಹಿಡಿದು ನಿಂತು ಈ ಕಡೆಯೇ ನೋಡುತ್ತಿತ್ತು. ಅಜ್ಜಿ ತೊಡಿಸಿದ ಕಾಲ್ಗಡಗ ಅದರ ಕಾಲಲ್ಲಿತ್ತು.

ಮಹಾಂತೇಶ್ ಕೈ ಮುಗಿದು, ವ್ಯಾನು ಹತ್ತಿ, ಶಿವಮೊಗ್ಗದ ಕಡೆಗೆ ಹೊರಟುಹೋದ. ಶೌಕತ್ ಅಲಿ ಪೈಪು ಹಿಡಿದುಕೊಂಡು ಅಲ್ಲೇ ನಿಂತಿದ್ದ. ಅದರ ಬಾಯಿಯಿಂದ ಗಾಳಿ ಹೋಗುತ್ತಲೇ ಇತ್ತು. ಅಸ್ಲಂ ಒಳಗೆ ಹೋಗಿ ಕಂಪ್ರೆಸರ್ ಆಫ್ ಮಾಡಿದ.